ಗಾಡಿ ಆಗದವರಿಗೆ: ಸೀಟು, ಮಾತ್ರೆ, ಶುಂಠಿ, ಪಟ್ಟಿ – ಯಾವುದನ್ನು ನಂಬಬೇಕು?

ಮುಂದಿನ ಭಾನುವಾರ ನಮ್ಮ ಮನೆಯ ಹನ್ನೆರಡು ಜನ ಟೆಂಪೋ ಟ್ರಾವೆಲರ್ ಮಾಡಿಕೊಂಡು ತುಮಕೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದೇವೆ. ಹನ್ನೆರಡರಲ್ಲಿ ನಾಲ್ಕು ಜನಕ್ಕೆ ಗಾಡಿ ಆಗಲ್ಲ, ಹತ್ತಿದರೆ ವಾಂತಿ. ನಾನು, ನಮ್ಮಕ್ಕ, ಅಕ್ಕನ ಒಂಬತ್ತು ವರ್ಷದ ಮಗ, ಮತ್ತೆ ಐದು ತಿಂಗಳ ಬಸುರಿ ನಮ್ಮತ್ತಿಗೆ. ಮೊನ್ನೆ ಅಕ್ಕ ಒಂದು ಕವರ್ ತಂದು ಊಟದ ಟೇಬಲ್ ಮೇಲೆ ಸುರಿದಳು. ಮೂರು ತರದ ಮಾತ್ರೆ, ಶುಂಠಿ ಪೆಪ್ಪರ್‌ಮೆಂಟು, ಆನ್‌ಲೈನ್‌ನಲ್ಲಿ ತರಿಸಿದ ಮಣಿಕಟ್ಟಿನ ಪಟ್ಟಿ, ಆರು ನಿಂಬೆಹಣ್ಣು. "ಇದರಲ್ಲಿ ಯಾವುದು ಕೆಲಸ ಮಾಡುತ್ತೆ ನೋಡಿ ಹೇಳೇ, ನೀನು ಏನೇನೋ ಓದ್ತಿರ್ತೀಯಲ್ಲ" ಅಂದಳು.

ನಾನು ಡಾಕ್ಟರಲ್ಲ. ಮೂವತ್ತು ವರ್ಷದಿಂದ ಬಸ್ಸಿನ ಕಿಟಕಿಯಾಚೆ ತಲೆ ಹಾಕಿರುವ ಅನುಭವಸ್ಥೆ, ಅಷ್ಟೇ. ಆದರೆ ಈ ವಿಷಯದಲ್ಲಿ ನಡೆದಿರುವ ಸಂಶೋಧನೆ ಓದಿದ್ದೇನೆ, ಮತ್ತು ಓದಿದ ಮೇಲೆ ಗೊತ್ತಾಗಿದ್ದು ಏನೆಂದರೆ ನಾವು ಇದನ್ನೆಲ್ಲ ಪೂರ್ತಿ ತಲೆಕೆಳಗು ಮಾಡುತ್ತಿದ್ದೇವೆ: ಸಿಕ್ಕ ಸೀಟಲ್ಲಿ ಕೂರುತ್ತೇವೆ, ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ಹುಡುಕುತ್ತೇವೆ, ಆ ಮಾತ್ರೆಯೂ ಎಷ್ಟೋ ಸಲ ಬೇರೆ ಯಾವುದೋ ವಾಂತಿಯದಾಗಿರುತ್ತದೆ. ಆತುರ ಇರುವವರಿಗೆ ಈಗಲೇ ಹೇಳಿಬಿಡುತ್ತೇನೆ. ಮೊದಲು ಸೀಟು. ಆಮೇಲೆ ಹೊರಡುವ ಮುಂಚೆಯೇ ನುಂಗಿದ ಸರಿಯಾದ ಮಾತ್ರೆ. ಮೂರನೆಯದು ಶುಂಠಿ. ಮಣಿಕಟ್ಟಿನ ಪಟ್ಟಿಗೆ ದುಡ್ಡು ಕೊಡಬೇಡಿ.

ತಪ್ಪು ಹೊಟ್ಟೆಯದಲ್ಲ, ಕಿವಿಯದು

"ಬೆಳಿಗ್ಗೆ ಏನು ತಿಂದೆ?" ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ "ಎಲ್ಲಿ ನೋಡುತ್ತಿದ್ದೆ?" ಅನ್ನೋದು. ಕಿವಿಯ ಒಳಗೆ, ಮೂಳೆಯೊಳಗೆ, ಅರ್ಧ ಬಳೆಯ ಹಾಗಿರುವ ಮೂರು ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಅಳೆಯುತ್ತವೆ. ಅವುಗಳ ಪಕ್ಕದಲ್ಲೇ ಎರಡು ಪುಟ್ಟ ಚೀಲಗಳಿವೆ, ಒಳಗೆ ಸುಣ್ಣದ ಸಣ್ಣ ಹರಳುಗಳು. ಗಾಡಿ ಮುಂದಕ್ಕೆ ನುಗ್ಗಿದ್ದು, ಪಕ್ಕಕ್ಕೆ ವಾಲಿದ್ದು ಅವಕ್ಕೆ ಗೊತ್ತಾಗುತ್ತದೆ. ಈಗ ನೀವು ಗಾಡಿಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಕಣ್ಣು "ಎಲ್ಲಾ ನಿಂತಿದೆ" ಅನ್ನುತ್ತದೆ, ಕಿವಿ "ಇಲ್ಲ, ಎಡಕ್ಕೆ ತಿರುಗುತ್ತಿದ್ದೇವೆ" ಅನ್ನುತ್ತದೆ. ಈ ಜಗಳವೇ ವಾಕರಿಕೆಯ ಬೇರು ಎನ್ನುವ ವಾದವನ್ನು ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ ಎಂಬ ಸಂಶೋಧಕರು 1975ರಲ್ಲಿ ಚೆನ್ನಾಗಿ ಕಟ್ಟಿಕೊಟ್ಟರು. ಅದರಲ್ಲಿ ಒಂದು ಸೂಕ್ಷ್ಮ ಇದೆ. ಜಗಳ ಬರೀ ಕಣ್ಣಿಗೂ ಕಿವಿಗೂ ಅಲ್ಲ, ಮೆದುಳು ಮುಂಚೆಯೇ ಅಂದುಕೊಂಡಿದ್ದಕ್ಕೂ ಆಮೇಲೆ ನಿಜವಾಗಿ ಆದದ್ದಕ್ಕೂ. ಅದಕ್ಕೇ ಡ್ರೈವರ್‌ಗೆ ವಾಂತಿ ಬರುವುದು ಅಪರೂಪ. ತಿರುವು ಯಾವಾಗ, ಬ್ರೇಕ್ ಯಾವಾಗ ಅನ್ನೋದು ಅವನಿಗೆ ಮೊದಲೇ ಗೊತ್ತು.

ಕಿವಿಯದೇ ಕೆಲಸ ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಪುರಾವೆ ಒಂದಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಜನ ಕಿವುಡರನ್ನು ಪರೀಕ್ಷೆಗೆ ಕರೆದುಕೊಂಡವು. ಅವರಲ್ಲಿ ಹತ್ತು ಜನಕ್ಕೆ ಚಿಕ್ಕಂದಿನಲ್ಲಿ ಮೆನಿಂಜೈಟಿಸ್ (ಮೆದುಳಿನ ಪೊರೆಯ ಊತ) ಬಂದು ಒಳಗಿವಿಯ ಈ ಭಾಗವೇ ಕೆಟ್ಟುಹೋಗಿತ್ತು. ಕೆನಡಾದ ನೋವಾ ಸ್ಕೋಷಿಯಾ ಬಳಿ ಅಬ್ಬರದ ಸಮುದ್ರದಲ್ಲಿ ದೋಣಿ ಏರಿಸಿದರೆ ಇವರು ಆರಾಮಾಗಿ ಇಸ್ಪೀಟಾಡುತ್ತಾ ಕೂತರು, ಪರೀಕ್ಷೆ ಮಾಡಲು ಬಂದ ವಿಜ್ಞಾನಿಗಳೇ ವಾಂತಿ ಮಾಡಿಕೊಂಡು ಪ್ರಯೋಗ ನಿಲ್ಲಿಸಬೇಕಾಯಿತು!

ಸರಿ, ಕಣ್ಣು ಕಿವಿ ಜಗಳ ಆಡಿದರೆ ಹೊಟ್ಟೆ ಯಾಕೆ ಕಕ್ಕಬೇಕು? 1977ರಲ್ಲಿ ಟ್ರೈಸ್‌ಮನ್ ಎಂಬಾತ ಒಂದು ಊಹೆ ಮುಂದಿಟ್ಟ. ವಿಷ ತಿಂದಾಗಲೂ ಕಣ್ಣು ಕಿವಿಗಳ ತಾಳ ತಪ್ಪುತ್ತದೆ. ಹಾಗಾಗಿ ತಾಳ ತಪ್ಪಿದಾಗಲೆಲ್ಲ ಮೆದುಳು "ಏನೋ ವಿಷ ಒಳಗೆ ಹೋಗಿದೆ, ಹೊರಗೆ ಹಾಕು" ಅನ್ನುತ್ತದೆ ಅಂತ. ಕೇಳಲು ಚೆನ್ನಾಗಿದೆ, ಆದರೂ ಊಹೆಯೇ. ಇದನ್ನೆಲ್ಲ ಒಪ್ಪದವರೂ ಇದ್ದಾರೆ. ರಿಕ್ಸಿಯೊ ಮತ್ತು ಸ್ಟಾಫ್ರೆಗನ್ 1991ರಲ್ಲಿ ಮೂಲ ಕಾರಣ ಮೈಯ ಸಮತೋಲ ತಪ್ಪುವುದು ಅಂದರು.

ಇನ್ನೊಂದು ಸಂಗತಿ, ಇದು ಗೊತ್ತಾದಾಗ ನನಗೆ ಎಷ್ಟೋ ಹಳೆಯ ಒಗಟು ಬಿಡಿಸಿದ ಹಾಗಾಯಿತು. ಎಲ್ಲಾ ಕುಲುಕಾಟ ಒಂದೇ ಅಲ್ಲ. ಓಹ್ಯಾನ್ಲನ್ ಮತ್ತು ಮೆಕಾಲಿ ಎಂಬುವರು 1974ರಲ್ಲಿ ತೋರಿಸಿದ ಪ್ರಕಾರ ಸುಮಾರು 0.2 ಹರ್ಟ್ಸ್, ಅಂದರೆ ಐದು ಸೆಕೆಂಡಿಗೊಂದು ಸಲ ತೂಗುವ ನಿಧಾನದ ಓಲಾಟವೇ ಎಲ್ಲಕ್ಕಿಂತ ಕೆಟ್ಟದ್ದು. ಗುಂಡಿ ರಸ್ತೆಯ ದಡಬಡ ಅಲ್ಲ. ಪಾವಗಡದ ಕಡೆ ಮಣ್ಣು ರಸ್ತೆಯಲ್ಲಿ ಕಟಕಟ ಅಂತ ಮೂಳೆ ಅಲ್ಲಾಡಿದಾಗ ನನಗೆ ಏನೂ ಆಗದೆ, ಮೆತ್ತಗೆ ತೇಲುವ ಎ.ಸಿ. ಬಸ್ಸಿನಲ್ಲಿ ಜೀವ ಹೋದಂತಾಗುತ್ತಿದ್ದದ್ದು ಇದಕ್ಕೇ.

ಮೊದಲನೆಯದು: ಸೀಟು

ಇದಕ್ಕೆ ಕಾಸಿಲ್ಲ, ಅಡ್ಡಪರಿಣಾಮ ಇಲ್ಲ, ಆದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟರ್ನರ್ ಮತ್ತು ಗ್ರಿಫಿನ್ ಎಂಬ ಸಂಶೋಧಕರು 1999ರಲ್ಲಿ 3256 ಬಸ್ ಪ್ರಯಾಣಿಕರನ್ನು ಕೇಳಿ ಲೆಕ್ಕ ಹಾಕಿದರು. 28.4% ಜನಕ್ಕೆ ಏನೋ ಒಂದು ಹಿತವಿಲ್ಲ ಅನ್ನಿಸಿತ್ತು, 12.8% ಜನಕ್ಕೆ ವಾಕರಿಕೆ, 1.7% ಜನಕ್ಕೆ ವಾಂತಿಯೇ ಆಗಿತ್ತು. ಮುಂದಿನ ರಸ್ತೆ ಕಾಣದವರಿಗೆ, ಕಾಣುವವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ತೊಂದರೆ. ಮೂರು ಪಟ್ಟು! ಸುಮ್ನೆ ಸೀಟು ಬದಲಾಯಿಸಿ ಇಷ್ಟು ಗಿಟ್ಟುವುದಾದರೆ ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಮುಂದಿನ ರಸ್ತೆ ಅಂದರೆ ಮುಂದಿನ ಗಾಜಿನಿಂದ ಕಾಣುವ ರಸ್ತೆ. ಕಿಟಕಿ ಪಕ್ಕ ಕೂತು ಅಡ್ಡಡ್ಡ ಓಡುವ ತೆಂಗಿನ ಮರ ನೋಡುವುದು ಲೆಕ್ಕಕ್ಕಿಲ್ಲ. ಗಾಳಿ ಬರುತ್ತದೆ ಅಂತ ಎಲ್ಲರೂ ಕಿಟಕಿಗೆ ಮುಗಿಬೀಳುತ್ತೇವೆ. ಹಿಂದಿನ ಕಿಟಕಿಗಿಂತ ಮುಂದಿನ ಸಾಲಿನ ನಡುವಿನ ಸೀಟು ವಾಸಿ. ಕೆಂಪು ಬಸ್ಸಾದರೆ ಡ್ರೈವರ್ ಹಿಂದಿನ ಮೊದಲ ಎರಡು ಸಾಲು, ಅದರಲ್ಲೂ ಗಾಜು ಕಾಣುವ ಬಾಗಿಲ ಕಡೆ. ಕಾರಾದರೆ ಡ್ರೈವರ್ ಪಕ್ಕ. ಇದೇ ನಮ್ಮ ಮನೆಯ ತಲೆನೋವು, ಯಾಕಂದರೆ ಯಾವ ಗಾಡಿಯಾದರೂ ಮುಂದಿನ ಸೀಟು ನಮ್ಮ ದೊಡ್ಡಪ್ಪನದು. ಅವರಿಗೆ ಹುಟ್ಟಿದಾಗಿನಿಂದ ವಾಂತಿ ಬಂದಿಲ್ಲ, ಕೂತ ಹತ್ತು ನಿಮಿಷಕ್ಕೆ ನಿದ್ದೆ ಬೇರೆ. ಹಿರಿಯರು, ಹೇಳೋದು ಹೇಗೆ?

ಸೀಟಲ್ಲಿ ಕೂತ ಮೇಲೂ ಒಂದು ಉಪಾಯ ಇದೆ. ತಿರುವು ಬಂದಾಗ ಡ್ರೈವರ್‌ನ ತಲೆ ತಿರುವಿನ ಒಳಗಡೆಗೆ ವಾಲುತ್ತದೆ, ನಮ್ಮ ತಲೆ ಹೊರಗಡೆಗೆ ಬೀಳುತ್ತದೆ. ಜಪಾನಿನ ವಾದಾ ಮತ್ತು ಜೊತೆಗಾರರು 2012ರಲ್ಲಿ ತೋರಿಸಿದ್ದು ಇಷ್ಟು: ಪ್ರಯಾಣಿಕರೂ ಡ್ರೈವರ್ ಹಾಗೆಯೇ ತಲೆ ವಾಲಿಸಿದರೆ ಸಂಕಟ ಕಡಿಮೆ. ಎಡಕ್ಕೆ ತಿರುಗಿದರೆ ತಲೆಯೂ ಎಡಕ್ಕೆ. ಪಕ್ಕದವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಮುಂದೆ ಸೀಟೇ ಸಿಗಲಿಲ್ಲ ಅಂದರೆ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಳ್ಳಿ. ಕಣ್ಣೇ ಸುಮ್ಮನಾದರೆ ಜಗಳಕ್ಕೆ ಒಬ್ಬ ಕಡಿಮೆ. ಮಲಗಿದರೆ ಇನ್ನೂ ಒಳ್ಳೆಯದು, ಹಾಗಾಗಿ ರಾತ್ರಿ ಸ್ಲೀಪರ್ ಬಸ್ ಕೆಟ್ಟ ಆಯ್ಕೆಯಲ್ಲ, ಮಲಗಿಕೊಂಡು ಮೊಬೈಲ್ ನೋಡದಿದ್ದರೆ.

ದಾರಿಯ ಆಯ್ಕೆಯೂ ಇದೆ. ನಮ್ಮೂರಿನಿಂದ ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ಮೇಲೆ ಹೋಗುವ 73ನೇ ಹೆದ್ದಾರಿಯೇ ಚಾರ್ಮಾಡಿ ಘಾಟಿ ಇಳಿಯುತ್ತದೆ. ಇನ್ನೊಂದು ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ. ಚಾರ್ಮಾಡಿ ಕಣ್ಣಿಗೆ ಹಬ್ಬ, ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ಬೇರೆ. ಆದರೆ ಆ ದೋಸೆ ತಿಂದು ಮುಂದಿನ ತಿರುವುಗಳಿಗೆ ಇಳಿಯುವುದಿದೆಯಲ್ಲ, ಅದು ನಮ್ಮಂಥವರಿಗಲ್ಲ. ಬಿಗಿ ತಿರುವು ಕಡಿಮೆ ಇರುವ ಶಿರಾಡಿಗೆ ನನ್ನ ಓಟು. ರೈಲಿದ್ದರೆ ರೈಲು, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿಗೆ ರೈಲಲ್ಲಿ ಹೋದಾಗ ನನಗೆ ಒಂದು ಸಲವೂ ಹೊಟ್ಟೆ ತೊಳಸಿಲ್ಲ.

ಎರಡನೆಯದು: ಮಾತ್ರೆ, ಅದರಲ್ಲೂ ಯಾವುದು

ಅಂಗಡಿಗೆ ಹೋಗಿ "ವಾಂತಿ ಮಾತ್ರೆ ಕೊಡಿ" ಅಂದರೆ ಯಾವ ವಾಂತಿ ಅಂತ ಯಾರೂ ಕೇಳುವುದಿಲ್ಲ. ತಪ್ಪು ಆಗುವುದು ಇಲ್ಲೇ. ಅಕ್ಕ ತಂದಿದ್ದ ಮೂರರಲ್ಲಿ ಒಂದು ಒಂಡಾನ್ಸೆಟ್ರಾನ್, ಒಂದು ಡೊಂಪೆರಿಡೋನ್. ಎರಡೂ ಒಳ್ಳೆಯ ಔಷಧಿಗಳೇ. ಕ್ಯಾನ್ಸರ್ ಚಿಕಿತ್ಸೆ, ಆಪರೇಷನ್ ಆದ ಮೇಲೆ, ಹೊಟ್ಟೆ ಕೆಟ್ಟಾಗ ಡಾಕ್ಟರು ಬರೆಯುತ್ತಾರೆ. ಆದರೆ ಪ್ರಯಾಣದ ವಾಂತಿಯ ದಾರಿಯೇ ಬೇರೆ. ಇಲ್ಲಿ ಸುದ್ದಿ ಹೋಗುವುದು ಕಿವಿಯಿಂದ ಮೆದುಳಿಗೆ, ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಗಳ ಮೂಲಕ. ಒಂಡಾನ್ಸೆಟ್ರಾನ್ ತಡೆಯುವುದು ಸೆರೊಟೋನಿನ್‌ನ ದಾರಿಯನ್ನು, ಡೊಂಪೆರಿಡೋನ್ ಮತ್ತು ಮೆಟೊಕ್ಲೊಪ್ರಮೈಡ್ ಡೋಪಮಿನ್‌ನ ದಾರಿಯನ್ನು. ಕಳ್ಳ ಹಿತ್ತಲ ಬಾಗಿಲಲ್ಲಿ ಬರುವಾಗ ಮುಂಬಾಗಿಲಿಗೆ ಚಿಲಕ ಹಾಕಿದ ಹಾಗೆ. ಅವನ್ನು ಪಕ್ಕಕ್ಕಿಟ್ಟೆ.

ಕೆಲಸ ಮಾಡುವವು ಹಳೆಯ ಕಾಲದ, ನಿದ್ದೆ ಬರಿಸುವ ಅಲರ್ಜಿ ಮಾತ್ರೆಗಳ ಜಾತಿಯವು: ಪ್ರೊಮೆಥಜಿನ್ (ಅವೋಮಿನ್ ಅಂದರೆ ನಿಮಗೆ ಗೊತ್ತಾಗಬಹುದು), ಡೈಮೆನ್‌ಹೈಡ್ರಿನೇಟ್, ಸಿನ್ನರಿಜಿನ್. ಇವು ಈ ಕೆಲಸಕ್ಕೆ ಬಂದದ್ದೇ ಅಕಸ್ಮಾತ್ತಾಗಿ. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗೇ ಮತ್ತು ಕಾರ್ಲಿನರ್ ಎಂಬ ಡಾಕ್ಟರುಗಳು ಒಬ್ಬ ಬಸುರಿ ಹೆಂಗಸಿಗೆ ಮೈಮೇಲಿನ ಪಿತ್ತದ ಗಂದೆಗೆ ಡೈಮೆನ್‌ಹೈಡ್ರಿನೇಟ್ ಕೊಟ್ಟಿದ್ದರು. ಟ್ರಾಮ್ ಹತ್ತಿದರೆ ಯಾವಾಗಲೂ ಸಂಕಟಪಡುತ್ತಿದ್ದ ಆಕೆ, ಮಾತ್ರೆ ತೆಗೆದುಕೊಂಡಾಗ ಟ್ರಾಮ್‌ನಲ್ಲಿ ಏನೂ ಆಗುವುದಿಲ್ಲ ಅಂತ ಬಂದು ಹೇಳಿದಳು. ಆ ಡಾಕ್ಟರುಗಳು ಅದನ್ನು ಕಿವಿಗೆ ಹಾಕಿಕೊಂಡರು ನೋಡಿ, ಅದು ದೊಡ್ಡದು. ಆಮೇಲೆ ಸೈನಿಕರು ತುಂಬಿದ ಹಡಗಿನಲ್ಲಿ ಪರೀಕ್ಷಿಸಿ ಸೈ ಅನ್ನಿಸಿಕೊಂಡರು.

ಎಷ್ಟು ಕೆಲಸ ಮಾಡುತ್ತವೆ? ಈ ಜಾತಿಯ ಮಾತ್ರೆಗಳ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ಕಾಕ್ರೇನ್ ಸಂಸ್ಥೆ 2022ರಲ್ಲಿ ಒಂದು ಪರಿಶೀಲನೆ ಹೊರತಂದಿತು. ನಿಜವಾದ ಪ್ರಯಾಣದಲ್ಲಿ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ 25% ಜನಕ್ಕೆ ತೊಂದರೆ ಆಗಲಿಲ್ಲ, ನಿಜವಾದ ಮಾತ್ರೆ ನುಂಗಿದವರಲ್ಲಿ 40% ಜನಕ್ಕೆ. ತೂಕಡಿಕೆ ಬಂದದ್ದು ಕ್ರಮವಾಗಿ 44% ಮತ್ತು 66%. ಈ ಅಂಕಿ ಎರಡು ಸಲ ಓದಿ. ಮಾತ್ರೆ ಸಹಾಯ ಮಾಡುತ್ತದೆ, ಹೌದು. ಆದರೆ ನುಂಗಿದ ಮಾತ್ರಕ್ಕೆ ಗ್ಯಾರಂಟಿ ಇಲ್ಲ. ಸೀಟು ಮೊದಲು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ಈಗ ಹೊತ್ತಿನ ವಿಷಯ. ವಾಕರಿಕೆ ಶುರುವಾದರೆ ಜಠರ ಕೆಲಸ ನಿಧಾನ ಮಾಡಿಬಿಡುತ್ತದೆ. ಆಗ ನುಂಗಿದ ಮಾತ್ರೆ ಅಲ್ಲೇ ಕೂತಿದ್ದು, ಮುಂದಿನ ತಿರುವಿನಲ್ಲಿ ಅದೂ ಆಚೆ ಬರುತ್ತದೆ. ಹಾಗಾಗಿ ಡೈಮೆನ್‌ಹೈಡ್ರಿನೇಟ್ ಆದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ, ಸಿನ್ನರಿಜಿನ್ ಎರಡು ಗಂಟೆ ಮುಂಚೆ, ಪ್ರೊಮೆಥಜಿನ್ ಒಂದೆರಡು ಗಂಟೆ ಮುಂಚೆ. ದೂರದ ಪ್ರಯಾಣ, ಬೆಳಗಿನ ಜಾವ ಹೊರಡುವುದು ಅಂದರೆ ಪ್ರೊಮೆಥಜಿನ್ ಹಿಂದಿನ ರಾತ್ರಿ ಮಲಗುವಾಗಲೇ. ನಾವು ಐದು ಗಂಟೆಗೆ ಹೊರಡುವವರು, ಮೂರಕ್ಕೆ ಎದ್ದು ಮಾತ್ರೆ ನುಂಗುವ ಶಿಸ್ತು ನನಗಿಲ್ಲ. ನನ್ನ ಆಯ್ಕೆ ರಾತ್ರಿಯದು. ಈ ಮೂರೂ ಮಾತ್ರೆಗೆ ತೂಕಡಿಕೆ ಇದ್ದೇ ಇದೆ, ಬಾಯಿ ಒಣಗುತ್ತದೆ. ನುಂಗಿದವರು ಗಾಡಿ ಓಡಿಸಬಾರದು, ಬೈಕ್ ಕೂಡ. ಮದ್ಯದ ಜೊತೆ ಬೇಡವೇ ಬೇಡ. ಗ್ಲಾಕೋಮ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇರುವವರು, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕಿವಿ ಹಿಂದೆ ಅಂಟಿಸುವ, ಸ್ಕೋಪಲಮಿನ್ ಎಂಬ ಔಷಧಿಯ ಪ್ಯಾಚ್ ಅಂತ ಒಂದಿದೆ. ಅಮೆರಿಕದಲ್ಲಿ 1979ರಲ್ಲೇ ಒಪ್ಪಿಗೆ ಸಿಕ್ಕಿತು, ಒಂದು ಸಲ ಅಂಟಿಸಿದರೆ 72 ಗಂಟೆ. ಇದರ ಪುರಾವೆಯೂ ಗಟ್ಟಿ: 14 ಪ್ರಯೋಗ, 1025 ಜನ, ಕಾಕ್ರೇನ್‌ನದೇ ಲೆಕ್ಕ. ಬಾರ್‌ಲೈನ್ ರಸ್ತೆಯಿಂದ ಬಸ್‌ಸ್ಟ್ಯಾಂಡ್ ತನಕ ಮೂರು ಅಂಗಡಿಯಲ್ಲಿ ಕೇಳಿದೆ, ಸಿಗಲಿಲ್ಲ. ಸ್ಕೋಪಲಮಿನ್‌ಗೆ ಹಯೋಸಿನ್ ಅಂತಲೂ ಹೆಸರಿದೆ. ಒಂದು ಕಡೆ ಅದೇ ಹೆಸರು ನೋಡಿ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ತೆಗೆದುಕೊಟ್ಟರು. ಅದು ಹೊಟ್ಟೆನುಲಿತದ ಮಾತ್ರೆ, ಮೆದುಳಿಗೆ ಹೋಗುವುದೇ ಇಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ಮಕ್ಕಳು ಮತ್ತು ಬಸುರಿಯರು

ಎರಡು ವರ್ಷದ ಒಳಗಿನ ಮಗುವಿಗೆ ಗಾಡಿ ವಾಂತಿ ಬರುವುದು ಕಡಿಮೆ, ಪ್ರೊಮೆಥಜಿನ್ ಆ ವಯಸ್ಸಿಗೆ ಕೊಡಲೇಬಾರದು. ತೊಂದರೆ ಜೋರಾಗುವುದು ಒಂಬತ್ತು ಹತ್ತು ವರ್ಷದ ಹೊತ್ತಿಗೆ, ಆಮೇಲೆ ಹೆಚ್ಚಿನವರಿಗೆ ಇಳಿಯುತ್ತಾ ಹೋಗುತ್ತದೆ. ಅಕ್ಕನ ಮಗನನ್ನು ಅವನ ಶಾಲೆಯ ಟ್ರಿಪ್‌ನಲ್ಲಿ ಎಲ್ಲರೂ ರೇಗಿಸಿದ್ದರಂತೆ. ಅವನಿಗೆ ಟಿಟೋವ್ ಕಥೆ ಹೇಳಿದೆ: 1961ರಲ್ಲಿ ವೋಸ್ಟಾಕ್-2ರಲ್ಲಿ ಭೂಮಿ ಸುತ್ತಿದ ರಷ್ಯಾದ ಗಗನಯಾತ್ರಿ, ಬಾಹ್ಯಾಕಾಶದಲ್ಲಿ ಮೊದಲು ವಾಂತಿ ಮಾಡಿಕೊಂಡ ಮನುಷ್ಯ. ಹುಡುಗ ಖುಷಿಯಾದ. ಪುಟ್ಟ ಮಕ್ಕಳನ್ನು ಎತ್ತರಕ್ಕೆ ಕೂರಿಸಬೇಕು. ಮುಂದಿನ ಸೀಟಿನ ಬೆನ್ನು ನೋಡುತ್ತಾ ಕೂತರೆ ರಸ್ತೆ ಎಲ್ಲಿಂದ ಕಾಣಬೇಕು? ಔಷಧಿ ಎಷ್ಟು ಅನ್ನೋದು ಮಗುವಿನ ತೂಕ ನೋಡಿ ಡಾಕ್ಟರು ಹೇಳಬೇಕು, ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ನಮ್ಮತ್ತಿಗೆಗೂ ಅಷ್ಟೇ, ಅವರ ಡಾಕ್ಟರು ಹೇಳಿದ್ದು ಮಾತ್ರ. ಅಕ್ಕನ ಕವರಿನಿಂದ ಏನೂ ಇಲ್ಲ.

ಮೂರನೆಯದು ಶುಂಠಿ, ಆಮೇಲೆ ಉಳಿದದ್ದು

ಶುಂಠಿಯ ಬಗ್ಗೆ ನನಗೆ ಪ್ರೀತಿ ಇದೆ, ಹಾಗಾಗಿ ಹುಷಾರಾಗಿ ಬರೆಯುತ್ತೇನೆ. 1982ರಲ್ಲಿ ಮೌರಿ ಮತ್ತು ಕ್ಲೇಸನ್ ಎಂಬುವರು 36 ಜನರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಶುಂಠಿ ಪುಡಿ ತಿಂದವರಲ್ಲಿ ಅರ್ಧ ಜನ ಪೂರ್ತಿ ಆರು ನಿಮಿಷ ಕೂತರು, ಡೈಮೆನ್‌ಹೈಡ್ರಿನೇಟ್ ತಿಂದವರಲ್ಲಿ ಒಬ್ಬರೂ ಇಲ್ಲ. ಶುಂಠಿ ಮಾರುವವರೆಲ್ಲ ಹೇಳುವುದು ಈ ಕಥೆಯನ್ನೇ. ಹೇಳದೆ ಬಿಡುವುದು ಏನೆಂದರೆ, ಮಾತ್ರೆ ನುಂಗಿ ಅರ್ಧ ಗಂಟೆಯೂ ಆಗುವ ಮುಂಚೆ ಕುರ್ಚಿ ತಿರುಗಿಸಿದ್ದರು. 1988ರಲ್ಲಿ ಡೆನ್ಮಾರ್ಕಿನ 80 ನೌಕಾ ಕೆಡೆಟ್‌ಗಳಿಗೆ ಒಂದು ಗ್ರಾಂ ಒಣಶುಂಠಿ ಪುಡಿ ಕೊಟ್ಟು ನೋಡಿದಾಗ ವಾಂತಿ ಮತ್ತು ತಣ್ಣನೆ ಬೆವರು ಕಡಿಮೆಯಾಯಿತು, ವಾಕರಿಕೆಯಲ್ಲಿ ಅಷ್ಟೇನೂ ಸ್ಪಷ್ಟ ಫರಕು ಕಾಣಲಿಲ್ಲ. 1991ರ ಇನ್ನೊಂದು ಪ್ರಯೋಗದಲ್ಲಿ ಏನೂ ಪ್ರಯೋಜನವಿಲ್ಲ ಅಂತ ಬಂತು. 2003ರಲ್ಲಿ ಮತ್ತೆ ಇದೆ ಅಂತ. ನನ್ನ ತೀರ್ಮಾನ: ಮಾತ್ರೆ ತೆಗೆದುಕೊಳ್ಳಲಾಗದವರಿಗೆ, ಮಾತ್ರೆಯ ತೂಕಡಿಕೆ ಬೇಡ ಅನ್ನುವವರಿಗೆ ಶುಂಠಿ ಸರಿ. ಆದರೆ ಅರ್ಧ ಚಮಚದಷ್ಟು ಒಣಶುಂಠಿ ಪುಡಿ ಬೇಕು; ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಪೆಪ್ಪರ್‌ಮೆಂಟಿನಲ್ಲಿ ಸಕ್ಕರೆಯೇ ಜಾಸ್ತಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇಲ್ಲೂ ಕೇಳಿ ಮುಂದುವರಿಯಿರಿ.

ಮಣಿಕಟ್ಟಿನ ಪಟ್ಟಿ, ಅಂದರೆ ಒಳಮಣಿಕಟ್ಟಿನಿಂದ ಮೊಣಕೈ ಕಡೆಗೆ ಮೂರು ಬೆರಳಿನಾಚೆ ಒತ್ತುವ ಗುಂಡಿಯ ಬೆಲ್ಟು. ಒಂದು ಪ್ರಯೋಗದಲ್ಲಿ ಆಗುತ್ತದೆ ಅಂತ, ಇನ್ನೊಂದರಲ್ಲಿ ಇಲ್ಲ ಅಂತ. ಪಟ್ಟಿ ಕಟ್ಟಿ ನೋಡಿದ 1990 ಮತ್ತು 2004ರ ಪರೀಕ್ಷೆಗಳಲ್ಲಿ ಉಪಯೋಗ ಕಾಣಲಿಲ್ಲ. ಅಕ್ಕ ತರಿಸಿಯಾಗಿದೆ, ಹಾಕಿಕೊಳ್ಳಲಿ, ಅಪಾಯವೇನಿಲ್ಲ.

ನಿಂಬೆಹಣ್ಣು ಮೂಸಿದರೆ ಡೀಸೆಲ್ ವಾಸನೆ ಮುಚ್ಚುತ್ತದೆ, ಅಷ್ಟು ಸಾಕು. ನಮ್ಮಜ್ಜಿ ಹಳೇ ಪೇಪರ್ ಮಡಿಚಿ ಅದರ ಮೇಲೆ ಕೂರಿಸುತ್ತಿದ್ದರು, ಅದು ಏನಕ್ಕೆ ಅಂತ ಇವತ್ತಿಗೂ ಅರ್ಥವಾಗಿಲ್ಲ. ಇವೆಲ್ಲಕ್ಕಿಂತ ಬಿಟ್ಟಿಯಾದ, ಪುರಾವೆ ಇರುವ ಉಪಾಯ ಉಸಿರು. 2003ರಲ್ಲಿ ಇಂಗ್ಲೆಂಡಿನಲ್ಲಿ ನೋಡಿದ್ದಾರೆ: ಸಮನಾಗಿ, ನಿಧಾನವಾಗಿ, ಉಸಿರಿನ ಮೇಲೇ ಗಮನ ಇಟ್ಟು ಉಸಿರಾಡಿದರೆ ಮಾತ್ರೆಯ ಸುಮಾರು ಅರ್ಧದಷ್ಟು ಫಲ ಸಿಗುತ್ತದೆ. ತಕ್ಷಣ ಸಿಗುತ್ತದೆ, ಮುಖ್ಯವಾದದ್ದು ಅದು. ಇಷ್ಟದ ಹಾಡು ಕೇಳುವುದೂ ಸ್ವಲ್ಪ ಮಟ್ಟಿಗೆ ಆಗುತ್ತದೆ.

ಊಟದ ಬಗ್ಗೆ ಒಂದೇ ಮಾತು. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟೂ ಬೇಡ. ತಟ್ಟೆ ಇಡ್ಲಿ ಒಂದು, ಬೆಣ್ಣೆ ಇಲ್ಲದೆ. ಕ್ಯಾತ್ಸಂದ್ರದವರು ಕ್ಷಮಿಸಬೇಕು.

ವರ್ಷವಿಡೀ ಓಡಾಡುವವರಿಗೆ

ಒಂದು ದಿನದ ಪ್ರಯಾಣಕ್ಕೆ ಮೇಲಿನದ್ದು ಸಾಕು. ಕೆಲಸಕ್ಕಾಗಿ ದಿನಾ ಬಸ್ ಹತ್ತಬೇಕಾದವರಿಗೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು ರೂಢಿ. ಮೆದುಳಿಗೆ ಸ್ವಲ್ಪ ಸ್ವಲ್ಪ ಓಲಾಟ ಕೊಡುತ್ತಾ, ಸಂಕಟ ಶುರುವಾಗುವ ಮುಂಚೆ ನಿಲ್ಲಿಸುತ್ತಾ, ಮತ್ತೆ ಮತ್ತೆ ಮಾಡಿದರೆ ಅದು ಕಲಿಯುತ್ತದೆ. ಬ್ರಿಟನ್ನಿನ ವಾಯುಪಡೆ ವಾಂತಿಯಿಂದ ಹಾರಲಾಗದ ಪೈಲಟ್‌ಗಳನ್ನು ಹೀಗೇ ತಯಾರು ಮಾಡುತ್ತದೆ, ಹೆಚ್ಚಿನವರು ಮತ್ತೆ ವಿಮಾನ ಹತ್ತುತ್ತಾರೆ. ನಮಗೆ ತಿರುಗುವ ಕುರ್ಚಿ ಇಲ್ಲ, ದೇವರಾಯನದುರ್ಗ ಇದೆ. ಕಳೆದ ವರ್ಷ ಎರಡು ತಿಂಗಳು, ಪ್ರತಿ ಶನಿವಾರ ನಮ್ಮ ಯಜಮಾನರ ಜೊತೆ ಕಾರಲ್ಲಿ ನಾಮದ ಚಿಲುಮೆ ತನಕ ಹೋಗಿ ಬೆಟ್ಟ ಹತ್ತುತ್ತಿದ್ದೆ. ಮೊದಲ ವಾರ ಎರಡು ತಿರುವು, ಆಮೇಲೆ ನಾಲ್ಕು. ಕೊನೆಗೆ ಮೇಲಿನ ದೇವಸ್ಥಾನದ ತನಕ ಏನೂ ಆಗುತ್ತಿರಲಿಲ್ಲ. ಆದರೆ ರೂಢಿ ಬಿಟ್ಟರೆ ಹೋಗುತ್ತದೆ, ಮಳೆಗಾಲದಲ್ಲಿ ಬಿಟ್ಟೆ, ಹೋಯಿತು.

ಗಾಡಿ ಹತ್ತಲೇ ಇಷ್ಟವಿಲ್ಲದವರಿಗೆ ಪೇಪರ್ ಪೆನ್ಸಿಲ್ ದಾರಿ ಇದೆ. ವಾರಿಕ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಕೆಲಸ: ದಿನಕ್ಕೆ 15 ನಿಮಿಷದಂತೆ 14 ದಿನ, ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಒಗಟು ಬಿಡಿಸಿದವರಿಗೆ ಸಂಕಟ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಚಿಕ್ಕ ಅಧ್ಯಯನ, ಆದರೂ ಕಾಸಿಲ್ಲದ್ದು. ಅಕ್ಕನ ಮಗನಿಗೆ ಅಂಥ ಒಂದು ಪುಸ್ತಕ ಕೊಡಿಸಿದ್ದೇನೆ, ಮನೆಯಲ್ಲಿ ಮಾಡಲು ಮಾತ್ರ. ಗಾಡಿಯಲ್ಲಿ ತೆರೆದರೆ ಕಥೆ ಮುಗಿಯಿತು.

ಹಾಗಾಗಿ ಭಾನುವಾರದ ಲೆಕ್ಕ ಹೀಗಿದೆ. ದಾರಿ ಶಿರಾಡಿ. ಅತ್ತಿಗೆಗೆ ಡ್ರೈವರ್ ಪಕ್ಕದ ಸೀಟು, ಬೆಲ್ಟ್ ಹಾಕಿಕೊಂಡು. ಹುಡುಗ ಮತ್ತು ಅಕ್ಕ ಅದರ ಹಿಂದಿನ ಸಾಲಿನಲ್ಲಿ ನಡುವೆ, ರಸ್ತೆ ಕಾಣುವ ಹಾಗೆ. ನಾನು ಅವರ ಪಕ್ಕ, ರಾತ್ರಿ ಮಾತ್ರೆ ನುಂಗಿ ಅರ್ಧ ನಿದ್ದೆಯಲ್ಲಿ. ಎಲ್ಲರ ಕೈಗೂ ಎರಡೆರಡು ಕವರ್, ಯಾಕಂದರೆ ಅಂಕಿ ನೋಡಿದಿರಲ್ಲ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.